ನಿಮ್ಮ ನಮೂನೆ ತೆರೆಯುವ ಹದಿಮೂರನೆಯ ತಂತ್ರಾಂಶ

ಜನನ-ಮರಣ ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳೇ,

ನಾವು ಕೈಬಿಟ್ಟ ತಂತ್ರಾಂಶವೊಂದನ್ನು ಮತ್ತೆ ಸೇರಿಸಬೇಕೆಂಬ ತಮ್ಮ ನೋಟಿಸು ತಲುಪಿದೆ. ಅದನ್ನು ಓದುವುದಕ್ಕೂ ಅದೇ ತಂತ್ರಾಂಶ ಬೇಕಾಗಿತ್ತು. ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಹೇಗೋ ತೆರೆದು ಬೈಸಿಕೊಂಡೆ.

ತಾವು ನಮ್ಮನ್ನು ದೊಡ್ಡ ಕಂಪನಿ ಎಂದುಕೊಂಡಂತಿದೆ. ನಾವಿರುವುದು ಮೂವರು: ಒಬ್ಬರು ಶಾಲಾ ಮೇಷ್ಟ್ರು, ಒಬ್ಬರು ಔಷಧಿ ಅಂಗಡಿಯವರು, ಮತ್ತು ಗಡಿಯಾರ ರಿಪೇರಿಯ ನಾನು. ಹಳೆಯ ಕಂಪ್ಯೂಟರುಗಳಲ್ಲೂ ಓಡುವ ತಂತ್ರಾಂಶಗಳ ಕಂತೆಯೊಂದನ್ನು ಬಿಡುವಿನಲ್ಲಿ ಕಟ್ಟಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟಿದ್ದೇವೆ. ನಮ್ಮನ್ನೊಂದು ಮಾತೂ ಕೇಳದೆ ತಾವು ಇಡೀ ಕಚೇರಿಗೆ ಅದನ್ನೇ ಹಾಕಿಸಿದಿರಿ. ಸಂತೋಷ. ಆದರೆ ಮೂವರು ಎಷ್ಟು ತಂತ್ರಾಂಶಗಳನ್ನು ಸಾಕಬಲ್ಲರು? ಹೆಚ್ಚೆಂದರೆ ಹನ್ನೆರಡು. ದೂರು ಬಂದರೆ ಬಳಸುವವರಿದ್ದಾರೆ ಎಂದು ಲೆಕ್ಕ ಹಾಕಿ, ಬಂದ ದೂರುಗಳನ್ನು ಎಣಿಸಿ ಯಾವುದು ಉಳಿಯಬೇಕೆಂದು ನಿರ್ಧರಿಸಿದೆವು. ತಮ್ಮ ನಮೂನೆ ತುಂಬುವ ಹದಿಮೂರನೆಯದನ್ನು ಬರೆದವರು ಎಂದೋ ನಾಪತ್ತೆ. ಪ್ರತಿ ಆವೃತ್ತಿಗೂ ತೇಪೆ ಹಾಕುತ್ತಿದ್ದವನು ನಾನೊಬ್ಬನೇ. ಅದರ ಮೇಲೆ ಒಂದೂ ದೂರಿರಲಿಲ್ಲ.

"ಯಾರೂ ಉಸಿರೆತ್ತಿಲ್ಲ ಅಂದ್ರೆ ಯಾರಿಗೂ ಬೇಡ ಅಂತ ತಾನೆ?" ಎಂದರು ಮೇಷ್ಟ್ರು. ಬದುಕಿದೆಯಾ ಬಡಜೀವವೇ ಎಂದು, ಅದನ್ನು ತೆಗೆದುಹಾಕಲು ನಾನೂ ಕೈ ಎತ್ತಿಬಿಟ್ಟೆ.

ತಮ್ಮ ಕಚೇರಿಯ ಮೂರನೆಯ ಕಿಟಕಿಯಲ್ಲಿ ಕೂರುವ ಗುಮಾಸ್ತೆ ನನ್ನ ಒಡಹುಟ್ಟಿದ ಅಕ್ಕ. ಹೊಸ ಆವೃತ್ತಿಯಲ್ಲಿ ನಮೂನೆ ತೆರೆದುಕೊಳ್ಳದೆ, ಮರಣಪತ್ರಕ್ಕೆ ಬಂದವರನ್ನು ಅವಳು ಮೂರು ದಿನ ವಾಪಸು ಕಳಿಸಿದಳು. ತಾವು ಅವಳಿಗೆ ಮೆಮೊ ಕೊಟ್ಟಿರಿ: ಸೋಮವಾರದೊಳಗೆ ಸರಿಹೋಗದಿದ್ದರೆ ಅಮಾನತು. ತಪ್ಪು ಅವಳದೇ? ಅಥವಾ ಬೇರೆಲ್ಲೂ ತೆರೆಯದ ನಮೂನೆಯನ್ನು ಕಡ್ಡಾಯ ಮಾಡಿದವರದೇ?

"ಒಂದ್ಸಲನಾದ್ರೂ ದೂರು ಕೊಡಬಾರದಿತ್ತೇನೇ ಅಕ್ಕ?" ಎಂದೆ.

"ಚೆನ್ನಾಗೇ ನಡೀತಿತ್ತಲ್ಲೋ, ಯಾಕೋ ಕೊಡ್ಲಿ?"

ನಾಚಿಕೆಯಾಯಿತು. ಅವಳು ದಿನವಿಡೀ ಯಾವುದರಲ್ಲಿ ಕೆಲಸ ಮಾಡುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರ ಅಂಗಡಿ ಮುಚ್ಚಿ ಕೂತು ಅದನ್ನು ಮರಳಿ ಸೇರಿಸಿದ್ದೇನೆ. "ತಂದವನು ನೀನು, ನೀನೇ ಸಾಕ್ಕೋ," ಎಂದು ಜೊತೆಗಾರರು ಕೈತೊಳೆದುಕೊಂಡರು. ವರ್ಷಕ್ಕೆರಡು ಹೊಸ ಆವೃತ್ತಿ, ಎರಡು ಸಲ ಇದೇ ಪಾಡು. ಬಿಟ್ಟರೆ ಅಕ್ಕನ ಕೆಲಸ ಹೋಗುತ್ತದೆ, ಹಿಡಿದರೆ ನನಗೆ ಬಿಡುಗಡೆಯಿಲ್ಲ. ಸಿಕ್ಕಿಬಿದ್ದಿದ್ದೇನೆ, ಸ್ವಾಮಿ.

ಆದ್ದರಿಂದ ಅಕ್ಕನ ಮೆಮೊ ಹಿಂಪಡೆಯಿರಿ. ನಮೂನೆಯನ್ನು ಯಾವ ತಂತ್ರಾಂಶದಲ್ಲಾದರೂ ತೆರೆಯುವಂತೆ ಹೊಸದಾಗಿ ಮಾಡಿಸಿ. ನನ್ನ ಮರಣಪತ್ರವನ್ನೂ ನಾಳೆ ಅಕ್ಕ ಇದರಲ್ಲೇ ತುಂಬಬೇಕಲ್ಲವೇ? ಅವತ್ತು ತೇಪೆ ಹಾಕಲು ಯಾರನ್ನು ಕರೆಸುತ್ತೀರಿ?

ಇಂತಿ,
ಸಾಯುವುದಕ್ಕೂ ಪುರುಸೊತ್ತಿಲ್ಲದ
ಗಡಿಯಾರ ರಿಪೇರಿಯವನು