ವಾಡೆಗೆ ಸುಟ್ಟ ಹರವಿಗಳು

ಮುತ್ಯಾ,

ತೆಲಂಗಾಣ ಬಂದಿದೆ. ಹೊಸ ರಾಜ್ಯದ ಸಂಭ್ರಮಕ್ಕೆಂದು ಮಕ್ತಲ್‌ನಲ್ಲಿ ಶಾಮಿಯಾನ ಹಾಕಿದ್ದರು. ಅದರೊಳಗೆ ನಿನ್ನ ಹರವಿಗಳನ್ನು ಕಂಡೆ. ಎದೆಯೆತ್ತರದ ಆ ಮಣ್ಣಿನ ಹರವಿಗಳ ಕಂಠದ ಸುತ್ತ ನಿನ್ನ ಹೆಬ್ಬೆರಳಿನ ಒತ್ತು ಹಾಗೇ ಇತ್ತು. ಮೇಲೊಂದು ಬೋರ್ಡು: 'ದೇಸಾಯರ ಮನೆತನದ ಕಲಾಪೋಷಣೆ'. ಪೋಷಣೆಯಂತೆ! ನೀನಿದ್ದಿದ್ದರೆ ನಗುತ್ತಿದ್ದೆಯೋ, ಉಗುಳುತ್ತಿದ್ದೆಯೋ...

ಚಿಕ್ಕವಳಿದ್ದಾಗ ನಿನ್ನ ಜೊತೆ ಸಂತೆಗೆ ಬರುತ್ತಿದ್ದೆ. ದೇಸಾಯರ ಕೋಟೆಯಂಥ ಮನೆ, ಆ ವಾಡೆಯ ಮುಂದಿನ ದಾರಿ ಬಿಟ್ಟು ನೀನು ಕೆರೆ ಸುತ್ತಿ ಹೋಗುತ್ತಿದ್ದೆ. ಯಾಕೆಂದು ಕೇಳಿದರೆ, "ಈ ಕಡೆ ನೆಳ್ಳು ಐತಿ ಅವ್ವೀ" ಎನ್ನುತ್ತಿದ್ದೆ. ಆ ಕೆರೆ ದಾರಿಯಲ್ಲಿ ಒಂದು ಗಿಡವೂ ಇರಲಿಲ್ಲ.

ನೀನು ತೀರಿಹೋದ ಮೇಲೆ ನಿನ್ನ ಹೆಂಡತಿ, ನಮ್ಮ ಆಯಿ, ಬಾಯಿ ಬಿಟ್ಟಳು. ನಿಜಾಮನ ಕಾಲ, ವಾಡೆಯಲ್ಲಿ ನಿನ್ನದು ಬಿಟ್ಟಿ ಚಾಕರಿ. ಕರೆದಾಗ ಹೋಗಬೇಕು, ಕೂಲಿ ಕೇಳುವಂತಿಲ್ಲ. ದೇಸಾಯಿಯ ಮಗಳ ಮದುವೆಗೆ ಹರವಿ ಸುಡಲು ಕರೆಸಿದಾಗ ನಿನ್ನ ಮಗಳು ಗಂಗಿ ಜ್ವರದಲ್ಲಿ ಮಲಗಿದ್ದಳು. "ಕೂಸು ಕಣ್ಣ ತೆರೀವಲ್ದುರೀ ಧಣಿ, ಒಂದೀಟು ನೋಡಿ ಬರತೀನ್ರೀ" ಎಂದು ದೇಸಾಯಿಯ ಕಾಲು ಹಿಡಿದೆಯಂತೆ.

"ಆವಿಗಿ ಬೆಂಕಿ ಆರಿದ್ರ ಹರವಿ ಒಡೀತಾವು. ಕೂಸು ಇನ್ನೊಂದು ಹಡಿಯಾಕ ಬರತೈತಿ. ಕುಂದ್ರು" ಎಂದನಂತೆ ಅವನು. ಕಾವಲಿಗೆ ಆಳು ನಿಲ್ಲಿಸಿದ. ಸುಟ್ಟ ಹರವಿಗಳನ್ನು ಹೊರತೆಗೆದು ನೀನು ಮನೆಗೆ ಬರುವಷ್ಟರಲ್ಲಿ ಗಂಗಿಯನ್ನು ಮಣ್ಣು ಮಾಡಿ ಆಗಿತ್ತು. ಮರುದಿನವೇ ಮತ್ತೆ ಕರೆ ಬಂತು. ನೀನು ಹೋದೆ. ಹೋಗದೆ ಇರುವುದಾದರೂ ಹೇಗಿತ್ತು?

ಶಾಮಿಯಾನದಲ್ಲಿ ಆ ದೇಸಾಯಿಯ ಮೊಮ್ಮಗನಿಗೆ ಶಾಲು ಹೊದಿಸುತ್ತಿದ್ದರು. ನಾನು ಎದುರಿಗೇ ಹೋಗಿ ನಿಂತೆ. "ಇವನ್ನ ಮಾಡಿದಾವ ನಮ್ಮ ಮುತ್ಯಾ ರೀ. ಅವನ ಹೆಸರು ಹಾಕ್ರಿ."

ಆತ ನಕ್ಕ. "ಹಳೇ ಮಾತು ಈಗ್ಯಾಕಮ್ಮಾ? ಖುಷಿ ದಿನ ಐತಿ."

ಯಾರ ಖುಷಿ, ಮುತ್ಯಾ?

ಹೊರಗೆ ಬಂದರೆ ಸಮಾರಂಭದ ಮುಖಂಡನೊಬ್ಬ ನನ್ನ ಹಿಂದೆಯೇ ಬಂದ. ನಾನೂ ಕುಂಬಾರಿಕೆ ಮಾಡುವವಳೆಂದು ಯಾರೋ ಹೇಳಿದ್ದರು. "ಬರೋ ವರ್ಷಕ್ಕ ಇಂಥಾವೇ ಬೇಕು. ಮನ ರಾಷ್ಟ್ರಂ ಕದಮ್ಮಾ, ಊರಿಕೇ ಚೇಸಿಪೆಟ್ಟು" ಎಂದ. ನಮ್ಮದೇ ರಾಜ್ಯವಲ್ಲವೇ, ಪುಕ್ಕಟೆ ಮಾಡಿಕೊಡು ಅಂತ!

"ಒಲ್ಲೆ ರೀ" ಅಂದೆ.

ಅವನ ಮುಖ ಕಪ್ಪಿಟ್ಟಿತು. ಈಗ ಬೇರೆ ಯಾರನ್ನೋ ಒಪ್ಪಿಸಿದ್ದಾನಂತೆ. ಬೋರ್ಡಿನಲ್ಲಿ ನಿನ್ನ ಹೆಸರು ಬರಲಿಲ್ಲ, ಬರುವುದೂ ಇಲ್ಲ. ಆದರೆ ನಮ್ಮ ಮನೆಯವರ ಬಾಯಿಂದ 'ಒಲ್ಲೆ' ಅನ್ನೋ ಮಾತು ಹೊರಟಿದ್ದು ಇದೇ ಮೊದಲು. ಯಾರೂ ನನ್ನನ್ನು ಹೊಡೆಯಲಿಲ್ಲ, ಮುತ್ಯಾ. ನಡೆದುಕೊಂಡೇ ಮನೆಗೆ ಬಂದೆ.

ನಿನ್ನ ಮೊಮ್ಮಗಳು