ಎಂಬತ್ನಾಲ್ಕು ಪಾಯಿಂಟ್ ಆರು

30 ಡಿಸೆಂಬರ್ 2024, ಸೋಮವಾರ, ಎಳ್ಳಮಾವಾಸ್ಯೆ

ಬೆಳಿಗ್ಗೆ 84.6. ವಾರದಲ್ಲಿ ಏಳುನೂರು ಗ್ರಾಂ ಇಳಿದಿದೆ. ಅಕ್ಟೋಬರ್‌ನಲ್ಲಿ 93 ಇತ್ತು. ಎಂಬತ್ತರ ಒಳಗೆ ಬಂದರೆ ನನ್ನ ಕಿಡ್ನಿಯನ್ನು ಮಗಳು ಅನ್ನಪೂರ್ಣಾಗೆ ಕೊಡಬಹುದು ಎಂದಿದ್ದಾರೆ ಬೆಳಗಾವಿಯ ಡಾಕ್ಟರು. ಉಳಿದ ಟೆಸ್ಟ್ ಎಲ್ಲ ಹೊಂದಿವೆ. ಅಲ್ಲಿಯವರೆಗೆ ಅವಳಿಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಗಂಡನ ಮನೆ ಮೂಡಲಗಿಯಿಂದ ಬಸ್ಸಿನಲ್ಲಿ ಇಲ್ಲಿಗೆ, ಗೋಕಾಕಕ್ಕೆ.

ಹಬ್ಬಕ್ಕೆ ಮಗಳೂ ಬಂದಿದ್ದಳು. ಬೆಲ್ಲದ ಬಾಗೇವಾಡಿಯಿಂದ ಶೆಟ್ಟೆವ್ವಕ್ಕನೂ. ಅಕ್ಕ ಚೊಂಬಿನ ನೀರನ್ನು ಮಗಳ ತಲೆಯ ಸುತ್ತ ಮೂರು ಸಲ ನಿವಾಳಿಸಿ ನನ್ನ ಕೈಗೆ ಕೊಟ್ಟಳು. "ಮೂರ ದಾರಿ ಕೂಡಿದಲ್ಲಿ ಚೆಲ್ಲಿ ಬಾ. ಹೊಳ್ಳಿ ನೋಡಬ್ಯಾಡ."

ಮೈ ಉರಿಯಿತು. 1979ರಲ್ಲಿ ತಮ್ಮ ಲಕ್ಷ್ಮಣನಿಗೆ ಕಾಮಾಲೆಯಾದಾಗಲೂ ಇದೇ ಚೊಂಬು, ಇದೇ ಮಾತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮರೆತಿಲ್ಲ. ಕೈಯಲ್ಲಿದ್ದ ಚೊಂಬಿನ ನೀರನ್ನು ಎಲ್ಲರ ಎದುರು ಗಟಗಟ ಕುಡಿದುಬಿಟ್ಟೆ. "ಏನಾತು? ಏನರ ಆತೇನು?"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ಮಾತ್ರ ನಕ್ಕಳು: "ನನಗ ದಿನಕ್ಕ ಒಂದ ಲೀಟರ್ ಅಂತ ಅಳತಿ ಐತಿ. ನೀ ಚೊಂಬಗಟ್ಲೆ ಕುಡಿ ಅಪ್ಪಾ!"

8 ಜನವರಿ

84.6. ಒಂಬತ್ತು ದಿನದಿಂದ ಅದೇ. ತಿನ್ನುವುದು ಒಂದು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ನಡಿಗೆ ಆರು ಕಿ.ಮೀ. ಡಾಕ್ಟರಿಗೆ ಫೋನ್ ಮಾಡಿದರೆ "ಪ್ಲಾಟೊ ರೀ ಅದು, ತೂಕ ಒಂದ ಕಡೆ ನಿಂತಬಿಡ್ತೈತಿ, ಎಲ್ಲಾರಿಗೂ ಬರ್ತೈತಿ, ತಾಳ್ಮಿ ಇರ್ಲಿ." ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನಿಗೆ ತೂಕದ ಪಾಠ!

ಮನೆಯ ತೂಕದ ಕಾಟಾ ಮೇಲೆ ಇಲಾಖೆಯ ಮುದ್ರೆ ಇರುವ ತೂಕದ ಕಲ್ಲು ಇಟ್ಟು ನೋಡಿದೆ — ಸರಿ ಇದೆ. ಗಫಾರನ ಗುಜರಿ ಅಂಗಡಿಯ ಕಾಟಾ ಹತ್ತಿದೆ: 84.6. ಬೂಟು ಬಿಚ್ಚಿ ಹತ್ತಿದೆ: 84.6.

"ಸಾಹೇಬ್ರ, ಎಷ್ಟ ಕಾಟಾ ಜಪ್ತಿ ಮಾಡೀರಿ ನೀವು. ಅವೆಲ್ಲಾ ಕೂಡಿ ಸೇಡು ತೀರಿಸ್ಕೊಳ್ಳಾಕತ್ತಾವ್ರಿ."

ನಗು ಬರಲಿಲ್ಲ. ಬೂಟಿನ ತೂಕ ಎಲ್ಲಿ ಹೋಯಿತು?

17 ಜನವರಿ, ಶುಕ್ರವಾರ

ಡಯಾಲಿಸಿಸ್ ಸಿಸ್ಟರ್ ಗುಲ್ನಾಜ ಮಗಳ ತೂಕ ನೋಡಿ ನನ್ನನ್ನು ಕರೆದಳು. "ಕಾಕಾ, ಅಕ್ಕಾರ ಮೈಯಾಗಿನ ನೀರ ಎಲ್ಲಿ ಹೋತ್ರಿ? ಮೊದಲ ಎರಡೂವರಿ ಕಿಲೋ ಹೊತ್ಕೊಂಡ ಬರ್ತಿದ್ರು. ಎರಡ ವಾರ ಆತು, ತಗ್ಯಾಕ ಏನೂ ಇಲ್ಲ."

ಮಗಳ ಮುಖದ ಬಾವು ಇಳಿದಿದೆ. ರಕ್ತದ ರಿಪೋರ್ಟ್ ಮಾತ್ರ ಹಾಗೇ ಇದೆ, ಕಿಡ್ನಿ ಸುಧಾರಿಸಿಲ್ಲ. ಮತ್ತೆ ನೀರು...?

9 ಫೆಬ್ರುವರಿ

84.6. ಬೆಲ್ಟಿಗೆ ಮೂರನೇ ಹೊಸ ತೂತು. ಕನ್ನಡಿಯಲ್ಲಿ ಪಕ್ಕೆಲುಬು ಎಣಿಸಬಹುದು. ಬಾಯಲ್ಲಿ ತುಕ್ಕಿನ ರುಚಿ — ಅನ್ನಪೂರ್ಣಾ ಎರಡು ವರ್ಷ ಹೇಳುತ್ತಿದ್ದದ್ದು ಇದೇ ರುಚಿ. ಅವಳಿಗೆ ಈಗ ಇಲ್ಲವಂತೆ.

ಮೆಟ್ಟಿಲು ಇಳಿಯುವಾಗ ನನ್ನೊಳಗೆ ತುಂಬಿದ ಕೊಡ ಅಲುಗಿದ ಸದ್ದು. ಹೆಂಡತಿ ಸುವರ್ಣಾ ಅಡುಗೆಮನೆಯಿಂದ ಕೂಗಿದಳು: "ನಳಾ ಬಂತೇನ್ರಿ?"

21 ಫೆಬ್ರುವರಿ

ಮಾರ್ಚ್ ಹತ್ತರೊಳಗೆ ಎಂಬತ್ತು ಆಗದಿದ್ದರೆ ಬೇರೆ ದಾನಿ ನೋಡಬೇಕಂತೆ. ಯಾರಿದ್ದಾರೆ? ಸುವರ್ಣಾಗೆ ಸಕ್ಕರೆ ಕಾಯಿಲೆ.

ಅಕ್ಕನಿಗೆ ಫೋನ್ ಮಾಡಿದೆ. "ಮಗಳ ಭಾರ ಹೊಟ್ಟ್ಯಾಗ ಇಟ್ಕೊಂಡ ಕುಂತಿ, ಗುರುಪಾದಾ. ಎಲ್ಲಿ ಚೆಲ್ಲಬೇಕಾಗಿತ್ತೋ ಅಲ್ಲೇ ಉಗುಳಿ ಬಾ."

ಸಂಜೆ ಹೋದೆ. ಬರೆಯಲು ನಾಚಿಕೆ. ಮೂರು ದಾರಿ ಕೂಡುವಲ್ಲಿ ಬಾಯಿ ಮುಕ್ಕಳಿಸಿ ಉಗುಳಿದೆ. ಹತ್ತು ಹೆಜ್ಜೆ ಬಂದಿರಬೇಕು. ಹಿಂದೆ ಯಾರೋ "ಅಪ್ಪಾ" ಅಂದಂತಾಯಿತು. ಹೊರಳಿ ನೋಡಿದೆ. ಯಾರೂ ಇರಲಿಲ್ಲ.

22 ಫೆಬ್ರುವರಿ, ಬೆಳಿಗ್ಗೆ 6

81.9! ಐವತ್ನಾಲ್ಕು ದಿನದ ಮೇಲೆ! ಮೂರು ಸಲ ಹತ್ತಿ ನೋಡಿದೆ.

ಮಧ್ಯಾಹ್ನ

ಅಳಿಯ ಶಿವಪುತ್ರ ಅನ್ನಪೂರ್ಣಾಳನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ತಂದ. ನಸುಕಿನಿಂದ ಉಸಿರು ಸಿಗುತ್ತಿಲ್ಲ. ಮುಖ ಗುರುತು ಸಿಗದಷ್ಟು ಊದಿದೆ. ಗುಲ್ನಾಜ ಯಂತ್ರಕ್ಕೆ ಹಚ್ಚಿ ತೆಗೆದ ನೀರು ಎರಡು ಕಿಲೋ ಏಳುನೂರು ಗ್ರಾಂ.

84.6ರಲ್ಲಿ 81.9 ಕಳೆದೆ. ಎರಡು ಸಲ ಕಳೆದೆ.

24 ಫೆಬ್ರುವರಿ

ಆರು ರೊಟ್ಟಿ, ಅನ್ನ, ತುಪ್ಪ, ಬೆಲ್ಲ. ಏಳಲಾಗದಷ್ಟು ತಿಂದೆ. 81.1. ಅತ್ತ ಅವಳ ಮೈಯಲ್ಲಿ ಮತ್ತೆ ಎಂಟುನೂರು ಗ್ರಾಂ. ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ.

ಅಕ್ಕನನ್ನು ಬೇಡಿಕೊಂಡೆ — ಇನ್ನೊಮ್ಮೆ ನಿವಾಳಿಸಿ ಕೊಡು, ಕುಡಿಯುತ್ತೇನೆ. ಅತ್ತಳು. "ಹೊಳ್ಳಿ ನೋಡಿದಿ. ಇನ್ನ ಅದು ನಿನ್ನ ಕೈಯಾಗ ನಿಲ್ಲೂದಿಲ್ಲೋ."

ಡಾಕ್ಟರಿಗೂ ಹೇಳಿದೆ. ಕಿಡ್ನಿ ಹೇಗೂ ಕೊಡುತ್ತೇನೆ, ತೂಕ ಮಾತ್ರ ಇಳಿಯದಂತೆ ಮಾಡಿ ಎಂದೆ. ಬೆನ್ನು ತಟ್ಟಿದರು. "ನಿದ್ದಿ ಮಾಡ್ರಿ. ಇನ್ನ ಒಂದ ಕಿಲೋ ಅಷ್ಟ."

25 ಫೆಬ್ರುವರಿ, ಬೆಳಿಗ್ಗೆ 6.10

80.4. ಕಾಟಾ ಮೇಲೆ ನಿಂತೇ ಬರೆಯುತ್ತಿದ್ದೇನೆ. ನಿಂತಂತೆಯೇ 80.3. ಸುವರ್ಣಾ ನೀರು ಕೊಡುತ್ತಿದ್ದಾಳೆ, ಕುಡಿಯುತ್ತಿದ್ದೇನೆ. ಮೂರನೇ ಚೊಂಬು. 80.2. ಶಿವಪುತ್ರನ ಫೋನ್ ಬಂತು, ಅವಳು ಎತ್ತಿದಳು. 80.0. ಏನಂತೆ ಎಂದು ಕೇಳಿದೆ. ಫೋನ್ ಕಿವಿಗೆ ಹಿಡಿದುಕೊಂಡೇ ನನ್ನ ಕಾಲ ಕೆಳಗಿನ ಅಂಕಿ ನೋಡುತ್ತಿದ್ದಾಳೆ. 79.9. ಸುವರ್ಣಾ, ಇನ್ನೊಂದು ಚೊಂಬು — 79.7 — ಬೇಗ