ಏಳನೆಯ ಗಿಡ

ಪಡೀಲ್, ಮಂಗಳೂರು
17-2-1986, ಸೋಮವಾರ ಬೆಳಿಗ್ಗೆ

ಪ್ರೀತಿಯ ಶಶೀ,

ಆರೋಗ್ಯವಾಗಿದ್ದೀಯಾ ಮಗಾ? ಹಾಸ್ಟೆಲಿನ ತಣ್ಣೀರಿಗೆ ಮೂಗು ಇನ್ನೂ ಕಟ್ಟುತ್ತಿದೆಯೋ? ಅಮ್ಮನ ಮೊಣಕಾಲು ನೋವು ಕಡಿಮೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಟೊಮೆಟೊ ಗಿಡಗಳ ಬಗ್ಗೆ ಒಂದು ಸುದ್ದಿ ಉಂಟು. ಅದನ್ನು ಮೊದಲು ಹೇಳಿದವಳು ಪಕ್ಕದ ಮನೆಯ ಸಫಿಯಾ, ನಿನ್ನೆ ಭಾನುವಾರ ಸಂಜೆ. ಬ್ರೆಡ್ ಮಾರುವ ಝೇವಿಯರನೂ ಇದ್ದ. ನಾನು ಎಂದಿನಂತೆ ನಿನ್ನ ವಿದ್ಯೆಯನ್ನು ಹೊಗಳುತ್ತಿದ್ದೆ. ಟೊಮೆಟೊ ಸಸಿಯ ಎಲೆ ಅರೆದು, ಹಾಲುಬಾಯಿ ಸಿಹಿಯಂಥ ಮೆತ್ತಗಿನ ಬಿಲ್ಲೆಯಲ್ಲಿಟ್ಟು, ಕರೆಂಟು ಹರಿಸಿ ಬಣ್ಣ ಹಾಕಿದರೆ ಗೆರೆಯೊಂದು ಮೂಡುತ್ತದೆ; ಆ ಗೆರೆ ಇದ್ದ ಸಸಿಯ ಬೇರಿಗೆ ಗಂಟು ಕಟ್ಟಿಸುವ ಹುಳ ತಾಗುವುದಿಲ್ಲ ಎಂದೆ. ಗೆರೆಗೂ ಹುಳಕ್ಕೂ ಎಂತ ಸಂಬಂಧ ಎಂದಳು ಸಫಿಯಾ. ಹುಳ ತಡೆಯುವ ಗುಣದ ಪಕ್ಕದಲ್ಲೇ ಗೆರೆಯ ಗುಣವೂ ಕೂತಿರುತ್ತದೆ ಎಂದು ನೀನು ಹೇಳಿದ್ದನ್ನು ನನ್ನ ರೀತಿಯಲ್ಲಿ ಹೇಳಿದೆ: “ಹೋಟೆಲಿನ ಎದುರು ಝೇವಿಯರನ ಸೈಕಲ್ ಉಂಟಾದರೆ ಅವನು ಒಳಗೆ ಗೋಳಿಬಜೆ ತಿಂತಾ ಇದ್ದಾನೆ ಅಂತ ಲೆಕ್ಕ. ಒಳಗೆ ಹೋಗಿ ನೋಡ್ಲಿಕ್ಕೆ ಉಂಟಾ?”

“ತಮ್ಮನಿಗೆ ಸೈಕಲ್ ಕೊಟ್ಟ ದಿನ ಎಂತ ಮಾಡ್ತೀರಿ ಮಾರಾಯ್ರೆ?” ಎಂದ ಝೇವಿಯರ್. ಎಲ್ಲರೂ ನಕ್ಕೆವು.

ದೀಪಾವಳಿಗೆ ಬಂದಾಗ ನೀನು ನಂಬರಿನ ತಗಡು ಕಟ್ಟಿ ನೆಟ್ಟುಹೋದ ಇಪ್ಪತ್ತು ಗಿಡಗಳನ್ನು ತೋರಿಸಲು ಅವರನ್ನು ಹಿತ್ತಿಲಿಗೆ ಕರೆದೊಯ್ದೆ. ನಮ್ಮ ಹುಳದ ಮಣ್ಣಿನಲ್ಲೂ ಗೆರೆ ಇದ್ದ ಹತ್ತು ನಳನಳಿಸುತ್ತಿವೆ, ಗೆರೆ ಇಲ್ಲದ ಹತ್ತು ಬಾಡಿವೆ. ಸಫಿಯಾ ಗೆರೆಯ ಸಾಲಿನ ಏಳನೆಯ ಗಿಡದ ಮುಂದೆ ನಿಂತುಬಿಟ್ಟಳು. “ಉಮಕ್ಕ, ಇದು ನಮ್ಮ ಮನೆಯ ಗಿಡ ಅಲ್ವಾ? ಹೋದ ತಿಂಗಳು ನನ್ನ ಡಬ್ಬದಿಂದ ಮಣ್ಣು ಸಮೇತ ನೀವು ಕೊಂಡುಹೋದದ್ದು!” ಎಂದು ಹಿಂದೆಯೇ ಬಂದಿದ್ದ ಅಮ್ಮನನ್ನು ಕೇಳಿದಳು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಿನ್ನ ಏಳನೆಯ ಗಿಡ ಬಾಡಿ ಬಿದ್ದಿತ್ತಂತೆ. ಅದನ್ನು ಕಿತ್ತು, ತಗಡು ಬಿಚ್ಚಿ ಹೊಸದಕ್ಕೆ ಕಟ್ಟಿದ್ದಾಳೆ. “ಸತ್ತ ಗಿಡ ತೋರಿಸಿ ಮಗಳ ಮುಖ ಸಣ್ಣ ಮಾಡ್ಲಿಕ್ಕೆ ಉಂಟಾ?” ಎಂದಳು. ನೆಂಟರು ಬಂದಾಗ ಸೀಳು ಬಿಟ್ಟ ಲೋಟ ಅಡಗಿಸಿ ಸಫಿಯಾಳ ಮನೆಯದನ್ನು ತಂದಿಡುವವಳಲ್ಲವೇ ಅವಳು! ಅದನ್ನೇ ನೋಡಿ ನಾನು ‘ಹತ್ತಕ್ಕೆ ಹತ್ತು’ ಎಂದು ನಿನಗೆ ಬರೆದುಬಿಟ್ಟೆ. ಶನಿವಾರ ಪ್ರೊಫೆಸರರ ಮುಂದೆ ನೀನು ಓದುವುದೂ ಅದನ್ನೇ. ಅಮ್ಮನನ್ನು ಬೈಯಬೇಡ. ಆ ಗಿಡಗಳಿಗೆ ಅವಳು ದಿನವೂ ನಿನ್ನ ಹೆಸರು ಹೇಳಿಯೇ ನೀರು ಹಾಕುವುದು.

ಸಫಿಯಾ, ಝೇವಿಯರ್ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಶನಿವಾರ ಧೈರ್ಯವಾಗಿ ನಿಂತು ಮಾತಾಡು. ದೈವದೇವರು ಬೆನ್ನಿಗಿರಲಿ.

ನಿನ್ನ ಅಪ್ಪ,
ಸಂಕಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಈಗಷ್ಟೇ ಅಮ್ಮ ತೆಂಗಿನ ಬುಡದ ತರಗೆಲೆ ಕೆದಕಿ ಆ ಹಳೆಯ ಗಿಡವನ್ನು ಹುಡುಕಿ ತಂದಳು. ಸಫಿಯಾ ನೀರು ಹೊಯ್ದಳು, ಝೇವಿಯರ್ ಬ್ರೆಡ್ಡಿನ ಫೇರಿ ನಿಲ್ಲಿಸಿ ಬಂದು ಬೇರು ತೊಳೆದ. ಬೇರು ತುಂಬ ಹುಳದ ಗಂಟು. ಅಮ್ಮ ಹೊಸ ಗಿಡದ ತಗಡನ್ನು ಬಿಚ್ಚಿ ತಂದು ಆ ಬೇರಿಗೇ ಕಟ್ಟಿ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾಳೆ, ಇದರೊಳಗೆ ಉಂಟು. ಹತ್ತಕ್ಕೆ ಒಂಬತ್ತು ಎಂದು ತಿದ್ದಿಕೋ ಮಗಾ. ಏಳನೆಯದರಲ್ಲಿ ಸೈಕಲ್ ಇತ್ತು, ಝೇವಿಯರ್ ಇರಲಿಲ್ಲ.